ಕೆರೆಯ ಸಣ್ಣ ಮೀನು ಒಣಗಿಸಿ ಮಾರುವುದು ಹೇಗೆ? ಬನವಾಸಿ ಕಡೆಯ ಲೆಕ್ಕ

ಬೇಸಿಗೆಯಲ್ಲಿ ಕೆರೆ ಬತ್ತುತ್ತಾ ಬಂದಾಗ ದೊಡ್ಡ ಮೀನಿಗೆ ಗಿರಾಕಿ ದಂಡೆಗೇ ಬರುತ್ತಾರೆ. ಕಟ್ಲಾ, ರೋಹು ಎಲ್ಲ ಬಲೆಯಿಂದ ಸೀದಾ ತಕ್ಕಡಿಗೆ ಹೋಗುತ್ತವೆ. ಕೊನೆಗೆ ಬಲೆಯ ತಳದಲ್ಲಿ ಉಳಿಯುವುದು ಬೆರಳುದ್ದದ ಸಣ್ಣ ಮೀನಿನ ರಾಶಿ. ಸಸಲು, ಸಣ್ಣ ಗೆಂಡೆ, ಜಿಲೇಬಿ (ತಿಲಾಪಿಯಾ) ಮರಿ, ಇನ್ನೂ ಏನೇನೋ. ಒಂದೊಂದು ಊರಲ್ಲಿ ಒಂದೊಂದು ಹೆಸರು. ಮೀನು ಸಾಕುವವರು ಎಲ್ಲವನ್ನೂ ಸೇರಿಸಿ ‘ಕಳೆ ಮೀನು’ ಅಂತಾರೆ. ಗದ್ದೆಯ ಕಳೆ ಹೇಗೋ ಹಾಗೆ, ಬಿತ್ತನೆ ಮೀನಿನ ಆಹಾರ ತಿಂದು ಹಾಕುತ್ತವೆ ಅನ್ನುವ ಸಿಟ್ಟು ಅವರಿಗೆ.

ನನ್ನ ತವರು ಅಂಕೋಲೆ ಕಡೆ. ಈಗ ಇರುವುದು ಬನವಾಸಿ ಹತ್ತಿರ. ಮದುವೆಯಾಗಿ ಬಂದ ಹೊಸತರಲ್ಲಿ ಈ ರಾಶಿಯನ್ನು ತೆಂಗಿನ ಬುಡಕ್ಕೆ ಗೊಬ್ಬರಕ್ಕೆ ಸುರಿಯುವುದನ್ನು ನೋಡಿ ಹೊಟ್ಟೆ ಉರಿದಿತ್ತು. ಕರಾವಳಿಯಲ್ಲಿ ಮೇ ತಿಂಗಳು ಬಂತೆಂದರೆ ಮನೆಮನೆಯಲ್ಲಿ ಒಣಮೀನಿನ ಸಂಗ್ರಹ ಶುರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿ ಕಡಲಿಗೆ ಇಳಿಯುವಂತಿಲ್ಲವಲ್ಲ, ಆ ಎರಡು ತಿಂಗಳು ಗಂಜಿಗೆ ನೆಂಚಿಕೊಳ್ಳಲು ಅದೇ ಗತಿ. ಘಟ್ಟದ ಮೇಲಿನವರೂ ದುಡ್ಡು ಕೊಟ್ಟು ಒಯ್ಯುವ ಸಾಮಾನು ಅದು. ಇಲ್ಲಿ ಕಾಲಬುಡದಲ್ಲಿ ಬಿದ್ದಿದೆ, ಯಾರಿಗೂ ಬೇಡ!

ಅಮ್ಮ ಬಂಗಡೆ, ತಾರ್ಲೆ (ಬೂತಾಯಿ) ಒಣಗಿಸುವುದನ್ನು ನೋಡಿ ಬೆಳೆದವಳು ನಾನು. ಅದೇ ಧೈರ್ಯದ ಮೇಲೆ ಮೊದಲ ವರ್ಷ ಒಣಗಿಸಿದೆ, ಅರ್ಧಕ್ಕರ್ಧ ಹಾಳಾಯಿತು. ಕಡಲ ಮೀನಿನ ಪಾಠ ಕೆರೆ ಮೀನಿಗೆ ಪೂರ್ತಿ ಹೊಂದುವುದಿಲ್ಲ. ಎಲ್ಲಿ ಹೊಂದುವುದಿಲ್ಲ, ಅಲ್ಲಿ ಏನು ಮಾಡಬೇಕು ಅನ್ನುವುದನ್ನೇ ಇಲ್ಲಿ ಹೇಳುತ್ತೇನೆ.

ಬಲೆಗೆ ಮೊದಲು ಮಾತು

ಊರ ಕೆರೆ ಅಂದಮಾತ್ರಕ್ಕೆ ಸುಮ್ನೆ ಇಳಿಯುವಂತಿಲ್ಲ. ದೊಡ್ಡ ಕೆರೆಗಳ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಗೆ ಕೊಟ್ಟಿರುತ್ತಾರೆ. ಜಲಾಶಯ, ಹೊಳೆಗಳಲ್ಲಿ ವ್ಯಾಪಾರಕ್ಕೆ ಹಿಡಿಯುವುದಾದರೆ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ಆದ್ದರಿಂದ ಮೊದಲು ಗುತ್ತಿಗೆದಾರರ ಹತ್ತಿರ ಮಾತಾಡಿ. ‘ದೊಡ್ಡ ಮೀನು ನಿಮ್ಮದು, ತಳದ ಸಣ್ಣ ಮೀನನ್ನು ಕೆಜಿಗೆ ಇಷ್ಟು ಅಂತ ನಾನು ಒಯ್ಯುತ್ತೇನೆ’ ಎಂದರೆ ಬೇಡ ಅನ್ನುವವರು ಕಡಿಮೆ. ದರವನ್ನು ದಂಡೆಯಲ್ಲಿ ನಿಂತು ಹೇಳಬೇಡಿ. ವಾರ ಮೊದಲೇ ಮನೆಗೆ ಹೋಗಿ ಮಾತು ಮುಗಿಸಿ.

ಸಣ್ಣ ಕಣ್ಣಿನ ಬಲೆ ಹಾಕುವ ಕಾಲವೂ ಮುಖ್ಯ. ಮಳೆ ಹಿಡಿದು ಕೆರೆ ತುಂಬಿದ ಮೇಲೆ ಬಿತ್ತನೆ ಮರಿ ಬಿಡುತ್ತಾರೆ. ಆಮೇಲಿನ ಕೆಲವು ತಿಂಗಳು ಸಣ್ಣ ಕಣ್ಣಿನ ಬಲೆ ಎಳೆದರೆ ಕಟ್ಲಾ, ರೋಹು ಮರಿಗಳೂ ಬರುತ್ತವೆ. ಅದು ಗುತ್ತಿಗೆದಾರರ ಬಂಡವಾಳಕ್ಕೇ ಕೈ ಹಾಕಿದ ಹಾಗೆ. ಫೆಬ್ರವರಿಯಿಂದ ಮೇವರೆಗೆ, ದೊಡ್ಡ ಮೀನು ಹಿಡಿದು ಮುಗಿಯುತ್ತಾ ಬಂದಾಗ ನಮ್ಮ ಸರದಿ. ನೀರು ಇಳಿದಿರುತ್ತದೆ, ಬಿಸಿಲೂ ಇರುತ್ತದೆ. ಒಬ್ಬರೇ ಇದ್ದರೆ ಬೀಸು ಬಲೆ ಸಾಕು. ನಾಲ್ಕು ಜನ ಇದ್ದರೆ ಎಳೆಬಲೆ.

ಮೊದಲ ಮಳೆಗೆ ಹಳ್ಳ ಹತ್ತಿ ಬರುವ ಹತ್ತುಮೀನಿನ ಆಸೆ ಮಾತ್ರ ಬಿಡಿ. ಕೂಣಿ (ಬಿದಿರಿನ ಬೋನು) ಇಟ್ಟು ನಾಲ್ಕು ಮೀನು ಹಿಡಿದು ಸಾರು ಮಾಡುವುದು ಮಲೆನಾಡಿನ ಖುಷಿ, ಅದರ ತಂಟೆಗೆ ನಾನು ಬರುವುದಿಲ್ಲ. ಆದರೆ ಅವು ಮೊಟ್ಟೆ ಇಡಲು ಹತ್ತುವ ಮೀನು. ಅದನ್ನು ಚೀಲಗಟ್ಟಲೆ ಹಿಡಿದು ವ್ಯಾಪಾರ ಮಾಡಿದರೆ ಮುಂದಿನ ವರ್ಷ ಬಲೆಗೆ ಏನು ಬರುತ್ತದೆ ಹೇಳಿ? ಅಷ್ಟಕ್ಕೂ ಆಗ ಒಣಗಿಸಲು ಬಿಸಿಲೂ ಇಲ್ಲ. ವಿಷದ ಕಾರೆಕಾಯಿ ಜಜ್ಜಿ ಹಾಕಿ, ಬ್ಲೀಚಿಂಗ್ ಪೌಡರ್, ತೋಟೆ (ಸಿಡಿಮದ್ದು), ಕರೆಂಟ್ ಬಳಸಿ ಹಿಡಿದ ಮೀನು ಯಾರಾದರೂ ತಂದುಕೊಟ್ಟರೆ ಅಗ್ಗ ಅಂತ ತೆಗೆದುಕೊಳ್ಳಬೇಡಿ. ಅದು ಕಾನೂನಿಗೂ ವಿರುದ್ಧ, ತಿನ್ನುವವರ ಹೊಟ್ಟೆಗೂ ವಿರುದ್ಧ.

ಮೊದಲ ಎರಡು ತಾಸು

ನನ್ನ ಮೊದಲ ವರ್ಷದ ನಷ್ಟ ಆದದ್ದು ಇಲ್ಲಿಯೇ. ಬೆಳಿಗ್ಗೆ ಎಂಟಕ್ಕೆ ಮೀನು ಬಂತು. ಮನೆ ಕೆಲಸ ಮುಗಿಸಿ, ಊಟ ಮಾಡಿ, ಮಧ್ಯಾಹ್ನದ ಮೇಲೆ ತೊಳೆಯಲು ಕೂತೆ. ಅಷ್ಟರಲ್ಲಿ ಹೊಟ್ಟೆ ಒಡೆದು ಮೆತ್ತಗಾಗಿತ್ತು. ಒಣಗಿಸಿದರೆ ಸರಿಯಾಗುತ್ತದೆ ಅಂದುಕೊಂಡೆ. ಆಗಲಿಲ್ಲ. ಕೆಟ್ಟ ಮೀನು ಒಣಗಿದರೆ ಒಣಗಿದ ಕೆಟ್ಟ ಮೀನು, ಅಷ್ಟೇ.

ಸಣ್ಣ ಮೀನಿನಲ್ಲಿ ಮಾಂಸ ಕಡಿಮೆ, ಹೊಟ್ಟೆಯ ಪಾಲು ಜಾಸ್ತಿ. ಸತ್ತ ಕೂಡಲೇ ಹೊಟ್ಟೆಯೊಳಗಿನ ಜೀರ್ಣರಸ ತನ್ನದೇ ಗೋಡೆಯನ್ನು ತಿನ್ನಲು ಶುರು ಮಾಡುತ್ತದೆ. ಏಪ್ರಿಲ್ ಸೆಕೆಯಲ್ಲಿ ಇದಕ್ಕೆ ಎರಡು ಮೂರು ತಾಸು ಸಾಕು. ಹಾಗಾಗಿ ದಂಡೆಯಲ್ಲೇ ನೆರಳು ನೋಡಿ, ಬುಟ್ಟಿಗೆ ಒದ್ದೆ ಗೋಣಿ ಮುಚ್ಚಿ. ದಾರಿ ಒಂದು ತಾಸಿಗಿಂತ ದೂರವಾದರೆ ಐಸ್ ಬೇಕೇ ಬೇಕು. ಬೇಸಿಗೆಯಲ್ಲಿ ಒಂದು ಕೆಜಿ ಮೀನಿಗೆ ಒಂದು ಕೆಜಿ ಪುಡಿ ಐಸ್, ಒಂದು ಪದರ ಐಸ್, ಒಂದು ಪದರ ಮೀನು. ಕೆಳಗೆ ನೀರು ಹೋಗಲು ತೂತಿರಲಿ. ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಬೈಕಿನ ಮೇಲೆ ತರುವುದಂತೂ ಬೇಡವೇ ಬೇಡ. ಮನೆ ಮುಟ್ಟುವಷ್ಟರಲ್ಲಿ ಅದು ಬೆಂದಿರುತ್ತದೆ.

ಇನ್ನೊಂದು ಮಾತು. ಎಷ್ಟು ತೊಳೆದು ಹರಡಲು ಕೈಯಲ್ಲಿ ಆಗುತ್ತದೋ ಅಷ್ಟೇ ಮೀನು ತನ್ನಿ. ಇಬ್ಬರು ಕೂತರೆ ನಮ್ಮಲ್ಲಿ ಬೆಳಿಗ್ಗೆ ಹೊತ್ತಿಗೆ 20 ಕೆಜಿ ಆಗುತ್ತದೆ. 50 ಕೆಜಿ ಸಿಕ್ಕಿತು ಅಂತ ತಂದರೆ 30 ಕೆಜಿ ತೆಂಗಿನ ಬುಡಕ್ಕೇ.

ಹೊಟ್ಟೆ, ಮುಳ್ಳು, ಕೆಸರು

ಎರಡು ಇಂಚಿನೊಳಗಿನ ಮೀನಾದರೆ ಹೊಟ್ಟೆ ಒತ್ತಿ ಕಸ ಹೊರಗೆ ಹಿಂಡಿದರೆ ಸಾಕು. ಅದಕ್ಕಿಂತ ದೊಡ್ಡದಿದ್ದರೆ ಹೆಬ್ಬೆರಳ ಉಗುರಿನಿಂದ ಹೊಟ್ಟೆ ಸೀಳಿ ಒಳಗಿನದನ್ನು ತೆಗೆಯಿರಿ. ಹಸಿರು ಪಿತ್ತಕೋಶ ಒಡೆಯದಂತೆ ನೋಡಿಕೊಳ್ಳಿ. ಒಡೆದರೆ ಆ ಮೀನು ಕಹಿ. ಒಂದು ಗೇಣಿನ ಮೀನಾದರೆ ಬೆನ್ನಿನ ಕಡೆಯಿಂದ ಸೀಳಿ ಪುಸ್ತಕದ ಹಾಗೆ ಬಿಚ್ಚಬೇಕು, ಇಲ್ಲದಿದ್ದರೆ ಬೆನ್ನಿನ ದಪ್ಪ ಮಾಂಸ ಒಣಗುವುದೇ ಇಲ್ಲ. ಜಿಲೇಬಿಯ ಬೆನ್ನ ಮುಳ್ಳು ಚುಚ್ಚಿದರೆ ಎರಡು ದಿನ ಕೈ ಊದುತ್ತದೆ, ಕತ್ತರಿಯಿಂದ ಮೊದಲೇ ಕತ್ತರಿಸಿ ಬಿಡಿ.

ತೊಳೆಯುವಾಗ ಮೂರು ನೀರು ಬೇಕು. ಕಡಲ ಮೀನಿಗೆ ಅಮ್ಮ ಒಂದೇ ನೀರಿನಲ್ಲಿ ಅದ್ದಿ ಎತ್ತುತ್ತಿದ್ದಳು. ಬತ್ತಿದ ಕೆರೆಯ ಮೀನಿನ ಕಿವಿರಿನಲ್ಲಿ ಕೆಸರು ತುಂಬಿರುತ್ತದೆ. ಅದು ಉಳಿದರೆ ಒಣಮೀನು ಹುರಿಯುವಾಗ ಮಣ್ಣಿನ ವಾಸನೆ ಬರುತ್ತದೆ. ಒಮ್ಮೆ ಆ ವಾಸನೆ ಕಂಡ ಗಿರಾಕಿ ‘ಕೆರೆ ಮೀನಾ? ಬೇಡ’ ಅಂತ ಜೀವಮಾನವಿಡೀ ಹೇಳುತ್ತಾರೆ. ಕೊನೆಯ ನೀರು ಕುಡಿಯುವ ನೀರೇ ಆಗಿರಲಿ. ಅದೇ ಕೆರೆ ನೀರಿನಲ್ಲಿ ತೊಳೆದರೆ ತೊಳೆದ ಲೆಕ್ಕವೇ ಅಲ್ಲ.

ಉಪ್ಪು

ಕರಾವಳಿಯಲ್ಲಿ ಉಪ್ಪಿಲ್ಲದೆಯೂ ಸಣ್ಣ ಮೀನು ಒಣಗಿಸುತ್ತಾರೆ. ಕೆರೆ ಮೀನಿಗೆ ಆ ಸಾಹಸ ಬೇಡ ಎನ್ನುತ್ತೇನೆ. ಉಪ್ಪು ಮೀನಿನೊಳಗಿನ ನೀರನ್ನು ಎಳೆಯುತ್ತದೆ, ಮೊದಲ ದಿನ ನೊಣ ಕೂರುವುದನ್ನು ಕಡಿಮೆ ಮಾಡುತ್ತದೆ. ಮೊದಲ ದಿನ ದಾಟಿದರೆ ಮುಕ್ಕಾಲು ಯುದ್ಧ ಗೆದ್ದ ಹಾಗೆ.

ಬೆರಳುದ್ದದ ಮೀನಿಗೆ ಉಪ್ಪು ನೀರು ಒಳ್ಳೆಯದು. 10 ಲೀಟರ್ ನೀರಿಗೆ ಒಂದೂವರೆ ಕೆಜಿ ಉಪ್ಪು ಕರಗಿಸಿ. ತಕ್ಕಡಿ ಇಲ್ಲದಿದ್ದರೆ ಹಸಿ ಕೋಳಿಮೊಟ್ಟೆ ಬಿಡಿ. ತಾಜಾ ಮೊಟ್ಟೆ ತೇಲಿದರೆ ಹದ ಸರಿ. ಮುಳುಗಿದರೆ ಇನ್ನೂ ಉಪ್ಪು ಬೇಕು. ಇಷ್ಟು ನೀರಿಗೆ 8 ಕೆಜಿ ಮೀನು ಹಾಕಿ, ಅರ್ಧ ತಾಸು ಬಿಟ್ಟು, ಬುಟ್ಟಿಗೆ ಸೋಸಿ ನೀರು ಇಳಿಯಲು ಬಿಡಿ. ಆ ನೀರನ್ನು ಇನ್ನೊಂದು ಸಲ ಬಳಸಬಹುದು, ಸ್ವಲ್ಪ ಉಪ್ಪು ಸೇರಿಸಿ. ಮೂರನೇ ಸಲ ಬೇಡ, ರಕ್ತ ಲೋಳೆ ಎಲ್ಲ ಸೇರಿ ಅದೇ ಕೊಳಕಾಗಿರುತ್ತದೆ. ಸೀಳಿದ ದೊಡ್ಡ ಮೀನಿಗೆ ನೀರು ಬೇಡ, 5 ಕೆಜಿಗೆ 1 ಕೆಜಿ ಹರಳುಪ್ಪು ತಿಕ್ಕಿ, ಪದರ ಪದರವಾಗಿ ಜೋಡಿಸಿ, ಮೇಲೆ ಭಾರ ಇಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಒಮ್ಮೆ ನೀರಿಗೆ ಅದ್ದಿ ಮೇಲಿನ ಉಪ್ಪು ತೆಗೆದು ಒಣಗಿಸಿ.

ಯಾವ ಉಪ್ಪು? ನಾನು ಗೋಕರ್ಣದ ಹತ್ತಿರದ ಸಾಣಿಕಟ್ಟಾ ಹರಳುಪ್ಪನ್ನೇ ತರಿಸುತ್ತೇನೆ. ಅಭಿಮಾನವೂ ಇದೆ ಅನ್ನಿ. ಆದರೆ ಉಪ್ಪಿನ ಗದ್ದೆಯಿಂದ ಎತ್ತಿದ ಯಾವ ಉಪ್ಪಿನಲ್ಲೂ ಎರಡು ತಕರಾರು ಇರುತ್ತವೆ. ಹೊಸ ಉಪ್ಪಿನಲ್ಲಿ ಮೆಗ್ನೀಸಿಯಂ ಅಂಶ ಜಾಸ್ತಿ. ಅದು ಗಾಳಿಯ ಪಸೆ ಹೀರುತ್ತದೆ, ಮೀನಿಗೆ ಕಹಿ ಕೊಡುತ್ತದೆ. ಅದಕ್ಕೇ ಹಳಬರು ಚೀಲದಿಂದ ನೀರು ಸೋರಿ ಹೋದ ಹಳೆ ಉಪ್ಪು ಹುಡುಕುತ್ತಿದ್ದರು. ಎರಡನೆಯದು, ಉಪ್ಪನ್ನೇ ಇಷ್ಟಪಡುವ ಒಂದು ಜಾತಿ ಸೂಕ್ಷ್ಮಜೀವಿ. ಮಳೆಗಾಲದಲ್ಲಿ ಉಪ್ಪುಮೀನಿನ ಮೇಲೆ ಗುಲಾಬಿ ಬಣ್ಣದ ಲೋಳೆ ಬರುವುದು ಅದರಿಂದ. ಇದಕ್ಕೆ ಸುಲಭ ಉಪಾಯ ಉಪ್ಪನ್ನು ದೊಡ್ಡ ಬಾಣಲೆಯಲ್ಲಿ ಚಟಪಟ ಅನ್ನುವವರೆಗೆ ಹುರಿದುಕೊಳ್ಳುವುದು. ಸ್ವಲ್ಪ ಸೌದೆ ಖರ್ಚು, ಆದರೆ ನಾನು ಇದನ್ನು ಬಿಟ್ಟಿಲ್ಲ.

ಅಟ್ಟ ಮತ್ತು ಬಿಸಿಲು

ನೆಲದ ಮೇಲೆ, ಅಂಗಳದ ಮೇಲೆ, ಡಾಂಬರು ರಸ್ತೆ ಬದಿಯಲ್ಲಿ ಒಣಗಿಸಬೇಡಿ. ಮಣ್ಣು, ನಾಯಿ, ಕೋಳಿ ಹೇಗೂ ಇದ್ದಿದ್ದೇ. ಅದಕ್ಕಿಂತ ಮುಖ್ಯ, ಅಡಿಯಿಂದ ಗಾಳಿ ಆಡುವುದಿಲ್ಲ. ನಮ್ಮ ಕಡೆ ಅಡಿಕೆ ಮರ ಸೀಳಿದ ದಬ್ಬೆಗೆ ಬರವೇ? ಸೊಂಟದೆತ್ತರಕ್ಕೆ ದಬ್ಬೆಯ ಅಟ್ಟ ಕಟ್ಟಿ, ಮೇಲೆ ನೈಲಾನ್ ಬಲೆ ಬಿಗಿಯಾಗಿ ಎಳೆದು ಕಟ್ಟಿ. ಸ್ವಲ್ಪ ಓರೆ ಇರಲಿ, ನೀರು ಇಳಿಯುತ್ತದೆ. ಕಂಬದ ಬುಡಕ್ಕೆ ನೀರು ತುಂಬಿದ ತೆಂಗಿನ ಗೆರಟೆ ಇಟ್ಟರೆ ಇರುವೆ ಹತ್ತುವುದಿಲ್ಲ. ಕಾಗೆ, ಹದ್ದಿಗೆ ಹಳೆ ಬಲೆಯನ್ನು ಮೇಲೆ ಚಪ್ಪರದ ಹಾಗೆ ಹಾಕಿ. ಬೆಕ್ಕಿಗೆ ಮದ್ದು ನನಗಿನ್ನೂ ಸಿಕ್ಕಿಲ್ಲ.

ಒಂದೇ ಪದರ ಹರಡಬೇಕು, ಒಂದಕ್ಕೊಂದು ತಾಗಬಾರದು. ಮೊದಲ ದಿನ ಎರಡು ತಾಸಿಗೊಮ್ಮೆ ಮಗುಚಿ. ಬಿರುಬಿಸಿಲಿನಲ್ಲಿ ಬೇಗ ಒಣಗಲಿ ಅನ್ನುವ ಅವಸರ ಎಲ್ಲರಿಗೂ ಇರುತ್ತದೆ. ಆದರೆ ಹಸಿ ಮೀನಿಗೆ ಬಿಸಿ ಜಾಸ್ತಿಯಾದರೆ ಹೊರಚರ್ಮ ಗಟ್ಟಿಯಾಗಿ ಒಳಗಿನ ನೀರಿಗೆ ದಾರಿ ಮುಚ್ಚುತ್ತದೆ. ಹೊರಗೆ ಕಟಕಟ, ಒಳಗೆ ಹಸಿ. ಹೀಗಾದ ಮೀನು ವಾರದಲ್ಲಿ ಒಳಗಿನಿಂದ ಕೊಳೆಯುತ್ತದೆ. ಬಿಸಿಲು ಸುಡುವ 12ರಿಂದ 2ರವರೆಗೆ ಮೊದಲ ದಿನ ಮಾತ್ರ ಮೇಲೊಂದು ತೆಳು ಬಟ್ಟೆ ಅಥವಾ ಶೇಡ್ ನೆಟ್ ಹಾಕಿ. ಒಣಗಿಸುವುದರಲ್ಲಿ ಗಾಳಿಯ ಕೆಲಸ ಬಿಸಿಲಿನಷ್ಟೇ ಇದೆ. ಕರಾವಳಿಯ ಮೇ ತಿಂಗಳ ಬೆವರಿನ ಗಾಳಿಗಿಂತ ಬನವಾಸಿ ಕಡೆಯ ಮಾರ್ಚ್ ತಿಂಗಳ ಒಣಗಾಳಿ ಇದಕ್ಕೆ ಎಷ್ಟೋ ಮೇಲು. ಅಮ್ಮ ಒಮ್ಮೆ ಬಂದವಳು ಇದನ್ನು ಒಪ್ಪಿಕೊಂಡಳು, ಮನಸ್ಸಿಲ್ಲದ ಮನಸ್ಸಿನಿಂದ.

ಸಂಜೆ ಐದಕ್ಕೆ ಎಲ್ಲವನ್ನೂ ಒಳಗೆ ತನ್ನಿ. ಇಬ್ಬನಿ ಬಿದ್ದರೆ ಹಗಲೆಲ್ಲ ಒಣಗಿಸಿದ್ದು ನೀರಿನಲ್ಲಿ ಹೋಮ. ಒಳಗೆ ತಂದ ಮೀನು ಆರಿದ ಮೇಲೆ ಬುಟ್ಟಿಯಲ್ಲಿ ರಾಶಿ ಹಾಕಿ, ಗೋಣಿ ಮುಚ್ಚಿ, ಮೇಲೆ ಹಲಗೆ ಇಟ್ಟು ಭಾರ ಹೇರಿ. ರಾತ್ರಿಯಲ್ಲಿ ಒಳಗಿನ ಪಸೆ ಹೊರಪದರಕ್ಕೆ ಬರುತ್ತದೆ. ಬೆಳಿಗ್ಗೆ ಮುಟ್ಟಿದರೆ ನಿನ್ನೆಗಿಂತ ಮೆತ್ತಗಿದೆ ಅನಿಸುತ್ತದೆ, ಗಾಬರಿ ಬೇಡ. ಇಬ್ಬನಿ ಆರಿದ ಮೇಲೆ ಮತ್ತೆ ಹರಡಿ. ಬೆರಳುದ್ದದ ಮೀನಿಗೆ ಎರಡು ಮೂರು ದಿನ, ಸೀಳಿದ ಮೀನಿಗೆ ನಾಲ್ಕೈದು ದಿನ.

ಏಪ್ರಿಲ್, ಮೇನಲ್ಲಿ ಅಡ್ಡಮಳೆ ಬರುವುದುಂಟು. ಪಾಲಿಥೀನ್ ಗುಡಾರ ಕಟ್ಟಿಕೊಂಡರೆ ಆ ತಲೆನೋವು ಇಲ್ಲ. ಬಿದಿರಿನ ಚೌಕಟ್ಟು, ನೆಲಕ್ಕೆ ಕಪ್ಪು ಶೀಟು, ಮೇಲೆ ಪಾರದರ್ಶಕ ಶೀಟು, ಒಂದು ಕಡೆ ಕೆಳಗೆ ಗಾಳಿಕಿಂಡಿ, ಎದುರು ಕಡೆ ಮೇಲೆ ಗಾಳಿಕಿಂಡಿ. ಒಳಗೊಂದು ಥರ್ಮಾಮೀಟರ್ ನೇತುಹಾಕಿ, 50 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಿಂಡಿ ಅಗಲ ಮಾಡಿ. ಇಲ್ಲದಿದ್ದರೆ ಮೀನು ಒಣಗುವ ಬದಲು ಬೆಂದು ಪುಡಿಯಾಗುತ್ತದೆ. ಶಿರಸಿ ಕಡೆ ಅಡಿಕೆ ಒಣಗಿಸಲು ಇಂಥದ್ದೇ ಪ್ಲಾಸ್ಟಿಕ್ ಮನೆ ಬೇಕಾದಷ್ಟಿದೆ. ಸುಮ್ಮನೆ ಕೇಳಲು ಹೋಗಬೇಡಿ. ಮೀನಿನ ವಾಸನೆ ಹಿಡಿದ ಅಡಿಕೆಯ ಕಥೆ ನಿಮ್ಮ ತಲೆಗೇ ಬರುತ್ತದೆ. ದೊಡ್ಡದಾಗಿ ಮಾಡುವವರು ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ರೂಪಿಸಿದ ಸೋಲಾರ್ ಡ್ರೈಯರ್‌ಗಳನ್ನು ನೋಡಬಹುದು. ಮೋಡದ ದಿನ ಕರೆಂಟ್ ಅಥವಾ ಗ್ಯಾಸ್‌ನಿಂದಲೂ ನಡೆಯುವ ಮಾದರಿಗಳಿವೆ. ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯ ಸಹಾಯಧನ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 60, ಉಳಿದವರಿಗೆ ಶೇ. 40 ಎಂದಿದೆ. ಯೋಜನೆ ಈಗಲೂ ಇದೆಯೋ, ನಿಮ್ಮ ಘಟಕ ಅದರಲ್ಲಿ ಬರುತ್ತದೋ ಅಂತ ತಾಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ಕೇಳಿ ನೋಡಿ.

ನೊಣದ ಪುಡಿ ಬೇಡ

ಒಬ್ಬ ವ್ಯಾಪಾರಿ ನನಗೆ ಬುದ್ಧಿ ಹೇಳಿದ್ದ, ‘ಸ್ವಲ್ಪ ಇರುವೆ ಪುಡಿ ಉದುರಿಸಿಬಿಡಿ ಅಕ್ಕಾ, ಒಂದು ನೊಣ ಬರಲ್ಲ.’ ನಿಜ, ಬರುವುದಿಲ್ಲ. ನೊಣ ಸಾಯುವ ಪುಡಿಯನ್ನು ನಮ್ಮ ಮಕ್ಕಳು ಮುಳ್ಳು ಸಮೇತ ಅಗಿದು ತಿನ್ನುತ್ತಾರೆ, ಅದನ್ನೂ ಯೋಚಿಸಬೇಕಲ್ವಾ? ಸಣ್ಣ ಮೀನಿನ ಹೆಚ್ಚುಗಾರಿಕೆಯೇ ಇಡಿಯಾಗಿ ತಿನ್ನುವುದು, ಮುಳ್ಳಿನ ಕ್ಯಾಲ್ಸಿಯಂ ಸಿಗುವುದು ಹಾಗೆ. ನೊಣಕ್ಕೆ ಮದ್ದು ಬೇರೆ ಇದೆ. ಕೊಯ್ದ ಕಸವನ್ನು ಅಲ್ಲೇ ಬಿಡದೆ ಗುಂಡಿ ತೆಗೆದು ಮುಚ್ಚಿ. ಅಟ್ಟವನ್ನು ಕೊಟ್ಟಿಗೆಯಿಂದ ದೂರ ಕಟ್ಟಿ. ಮೊದಲ ದಿನ ಸೊಳ್ಳೆಪರದೆ ಬಟ್ಟೆ ಮುಚ್ಚಿ, ಆದರೆ ಅದು ಮೀನಿಗೆ ತಾಗದ ಹಾಗೆ ಎತ್ತರದಲ್ಲಿರಲಿ. ತಾಗಿದರೆ ನೊಣ ಬಟ್ಟೆಯ ಮೇಲಿಂದಲೇ ಮೊಟ್ಟೆ ಇಡುತ್ತದೆ.

ಒಣಗಿತೋ ಇಲ್ಲವೋ

ಬಗ್ಗಿಸಿದರೆ ಟಕ್ಕನೆ ಮುರಿಯಬೇಕು. ತಲೆಯ ಹಿಂದಿನ ದಪ್ಪ ಜಾಗದಲ್ಲಿ ಉಗುರು ಒತ್ತಿದರೆ ಗುರುತು ಉಳಿಯಬಾರದು. ಇದು ಕೈ ಪಳಗಿದವರಿಗೆ ಸಾಕು. ಹೊಸಬರಿಗೆ ಇನ್ನೆರಡು ಪರೀಕ್ಷೆ ಹೇಳುತ್ತೇನೆ. ಒಣ ಗಾಜಿನ ಬಾಟಲಿಗೆ ಒಂದು ಹಿಡಿ ಮೀನು ಹಾಕಿ, ಮುಚ್ಚಳ ಬಿಗಿದು, ಒಂದು ತಾಸು ಬಿಸಿಲಿಗಿಡಿ. ಒಳಗೆ ಮಂಜು ಹಿಡಿದರೆ ಇನ್ನೊಂದು ದಿನ ಬೇಕು. ಇನ್ನೊಂದು ತಕ್ಕಡಿಯದು. ಉಪ್ಪಿಗೆ ಹಾಕುವ ಮೊದಲು ಸರಿಯಾಗಿ 1 ಕೆಜಿ ಶುಚಿ ಮಾಡಿದ ಸಣ್ಣ ಮೀನನ್ನು ತೂಗಿ, ಉಪ್ಪು ನೀರಿನಿಂದ ತೆಗೆದ ಮೇಲೆ ಬೇರೆ ತಟ್ಟೆಯಲ್ಲಿ ಒಣಗಿಸಿ. ಅದು 300 ಗ್ರಾಂ ಆಸುಪಾಸು ಇಳಿಯಬೇಕು. 400 ಗ್ರಾಂ ತೋರಿಸಿದರೆ ಆ 100 ಗ್ರಾಂ ನೀರು. ಅದನ್ನು ಮೀನಿನ ದರಕ್ಕೆ ಮಾರಬಹುದು ಅನಿಸುತ್ತದೆ. ಹದಿನೈದು ದಿನಕ್ಕೆ ಬೂಸ್ಟು ಬಂದು ಎಲ್ಲವೂ ವಾಪಸು ಬರುತ್ತದೆ.

ಇದು ನನಗೇ ಆದದ್ದು. ಒಂದು ಮೇ ಕೊನೆಯಲ್ಲಿ ಮೋಡ ಕಟ್ಟುತ್ತಿತ್ತು. ಅವಸರದಲ್ಲಿ ಬಿಸಿಲಿನಿಂದ ತೆಗೆದ ಬಿಸಿ ಮೀನನ್ನೇ ಪ್ಲಾಸ್ಟಿಕ್ ಕವರಿಗೆ ತುಂಬಿ ಸೀಲ್ ಮಾಡಿದೆ. ಕವರಿನೊಳಗೆ ಬೆವರಿತು. ಜೂನ್ ಎರಡನೇ ವಾರಕ್ಕೆ 22 ಕೆಜಿ ಒಣಮೀನು ಬಿಳಿ ಬೂಸ್ಟು ಹೊದ್ದು ಕೂತಿತ್ತು. ಪೂರ್ತಿ ತಣ್ಣಗಾಗದೆ ಕವರ್ ಮುಟ್ಟಬೇಡಿ.

ಇಡುವುದು

ಹಿಂದೆ ಒಲೆಯ ಮೇಲಿನ ಅಟ್ಟದಲ್ಲಿ ಬುಟ್ಟಿ ನೇತುಹಾಕುತ್ತಿದ್ದರು, ಹೊಗೆಯೇ ಕಾವಲು. ಈಗ ಗ್ಯಾಸ್ ಒಲೆಯ ಮೇಲೆ ಇಟ್ಟರೆ ಬರೀ ಪಸೆ. ಬಿಗಿ ಮುಚ್ಚಳದ ಡ್ರಮ್ಮೇ ಸರಿ, ಕೆಳಗೆ ಮಣೆ ಇಟ್ಟು, ಗೋಡೆಗೆ ತಾಗದಂತೆ. ಮಳೆಗಾಲದಲ್ಲಿ ಬಿಸಿಲು ಕಂಡ ದಿನ ತೆಗೆದು ಒಂದೆರಡು ತಾಸು ಹರಡಿ. ತಳದಲ್ಲಿ ಹಿಟ್ಟಿನಂಥ ಪುಡಿ, ಕೂದಲಿರುವ ಕಂದು ಹುಳ ಕಂಡರೆ ಅದು ಒಣಮೀನನ್ನೇ ತಿನ್ನುವ ಜೀರುಂಡೆಯ ಮರಿ. ಆ ಡ್ರಮ್ಮನ್ನು ಬೇರೆ ಮಾಡಿ. ಗುಲಾಬಿ ಲೋಳೆ, ಬೂಸ್ಟು ಬಂದದ್ದನ್ನು ತೊಳೆದು ಮತ್ತೆ ಒಣಗಿಸಿ ಮಾರುವುದು ಬೇಡ. ಒಂದು ಸಮಾಧಾನ ಅಂದರೆ, ಕೆರೆಯ ಸಣ್ಣ ಮೀನಿನಲ್ಲಿ ಸಾಮಾನ್ಯವಾಗಿ ತಾರ್ಲೆಯಷ್ಟು ಎಣ್ಣೆ ಇಲ್ಲ. ತಾರ್ಲೆ ಹಳೆಯದಾದಂತೆ ಹಳದಿ ತಿರುಗಿ ಕಮಟು ಹಿಡಿಯುತ್ತದೆ. ಇದು ಅಷ್ಟು ಬೇಗ ಹಿಡಿಯುವುದಿಲ್ಲ.

ಲೆಕ್ಕ ಮತ್ತು ಸಂತೆ

ಒಂದು ಕೆಜಿ ಒಣಮೀನಿಗೆ ಸುಮಾರು 4 ಕೆಜಿ ಹಸಿ ಮೀನು ಬೇಕು. ಲೆಕ್ಕಕ್ಕೆ ಹಸಿ ಮೀನು ಕೆಜಿಗೆ 60 ರೂಪಾಯಿ ಅಂತಿಟ್ಟುಕೊಳ್ಳಿ, ಅಲ್ಲಿಗೇ 240 ಆಯಿತು. ಉಪ್ಪು, ಐಸ್, ಗಾಡಿ, ಕವರ್, ಹಾಳಾಗುವ ಪಾಲು ಸೇರಿಸಿ. ಆಮೇಲೆ ಮರೆಯಬಾರದ್ದು ನಿಮ್ಮ ಕೂಲಿ. ಮನೆಯವರೇ ಮಾಡಿದ್ದು ಅಂತ ಕೂಲಿ ಬಿಟ್ಟು ದರ ಕಟ್ಟುವವರು ಎರಡನೇ ವರ್ಷಕ್ಕೆ ನಿಲ್ಲಿಸುತ್ತಾರೆ, ನಾನು ನೋಡಿದ್ದೇನೆ.

ಕವರಿನಲ್ಲಿ ಮಾರುವುದಾದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿ. ತೂಕ, ಒಣಗಿಸಿದ ತಾರೀಕು, ನಿಮ್ಮ ವಿಳಾಸ, ನೋಂದಣಿ ಸಂಖ್ಯೆ ಚೀಟಿಯಲ್ಲಿರಲಿ. ಕೆರೆ ಮೀನು ಅಂತ ಸ್ಪಷ್ಟವಾಗಿ ಬರೆಯಿರಿ. ಕಡಲ ಮೀನೆಂದು ನಂಬಿಸಿ ಮಾರಿದರೆ ಒಂದೇ ಸಲದ ವ್ಯಾಪಾರ. ಕರಾವಳಿಗೆ ಒಯ್ಯುವುದಕ್ಕಿಂತ ಘಟ್ಟದ ಮೇಲಿನ ಶಿರಸಿ, ಮುಂಡಗೋಡ, ಹಳಿಯಾಳದ ಸಂತೆಗಳೇ ನಮಗೆ ಒಳ್ಳೆಯದು. ನಾನೊಮ್ಮೆ ಹುಮ್ಮಸ್ಸಿನಲ್ಲಿ ಕಾರವಾರದ ಭಾನುವಾರದ ಸಂತೆಗೆ ಎರಡು ಚೀಲ ಒಯ್ದಿದ್ದೆ. ಪಕ್ಕದಲ್ಲಿ ಕೂತ ಅಜ್ಜಿ ನನ್ನ ಪಾಲಿನಿಂದ ಒಂದು ಮೀನು ಎತ್ತಿ, ಮುರಿದು, ಮೂಸಿ, ‘ಉಪ್ಪು ಸಮ ಇದೆ, ಆದರೆ ಸಮುದ್ರ ಇಲ್ಲ ಮಗಾ’ ಅಂದರು. ಒಂದು ಚೀಲ ವಾಪಸು ತಂದೆ.

ಕೊಳ್ಳುವವರು ‘ಇದನ್ನು ಏನು ಮಾಡುವುದು’ ಅಂತ ಕೇಳೇ ಕೇಳುತ್ತಾರೆ. ಬಿಸಿನೀರಿನಲ್ಲಿ ಎರಡು ಸಲ ತೊಳೆದು, ಆರಿಸಿ, ಕಬ್ಬಿಣದ ಬಾಣಲೆಯಲ್ಲಿ ಗರಿಗರಿ ಹುರಿಯಬೇಕು. ತೆಂಗಿನ ತುರಿ, ಸುಟ್ಟ ಒಣಮೆಣಸು, ಒಂದೆರಡು ಮುರುಗಲು (ಕೋಕಂ) ಸಿಪ್ಪೆ, ಬೆಳ್ಳುಳ್ಳಿ ಸೇರಿಸಿ ನೀರು ಹಾಕದೆ ಅರೆಯಬೇಕು. ಉಪ್ಪು ಕೊನೆಯಲ್ಲಿ ರುಚಿ ನೋಡಿ ಹಾಕಿ, ಮೀನಿನಲ್ಲೇ ಇರುತ್ತದೆ. ನಾನು ಸಂತೆಗೆ ಹೋಗುವಾಗ ಒಂದು ಸಣ್ಣ ಡಬ್ಬಿ ಚಟ್ನಿ ಮಾಡಿಕೊಂಡೇ ಹೋಗುತ್ತೇನೆ. ಹೆಬ್ಬೆರಳ ತುದಿಯಷ್ಟು ಅಂಗೈಗೆ ಹಾಕಿದರೆ ಮಾತೇ ಬೇಡ, ಕಾಲು ಕೆಜಿ ಕವರಿಗೆ ಅವರೇ ಕೈ ಚಾಚುತ್ತಾರೆ.